ರೊಟ್ಟಿಯ ಬಿಸಿ ಕೈಗೆ ತಾಕದಿದ್ದಾಗ

ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಿಂದ ಹೊಳ್ಳಿಸುವ ಹೆಂಗಸರನ್ನು ನೀವು ಕಂಡಿರುತ್ತೀರಿ. ಬೆರಳ ತುದಿಯಿಂದ ಚಕ್ಕನೆ ಎತ್ತಿ, ಚಕ್ಕನೆ ತಿರುವಿ, ಕೈಯನ್ನು ನೀರಿನ ಬೋಗುಣಿಗೆ ಅದ್ದಿಬಿಡುತ್ತಾರೆ. ಆ ಚಕ್ಕನೆಯಲ್ಲೇ ಇರುವುದು ಗುಟ್ಟು. ಬಿಸಿ ತಾಕುತ್ತದೆ, ಆದ್ದರಿಂದಲೇ ಕೈ ಓಡುತ್ತದೆ.

ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ನೆಂಟರ ಮನೆಯುಂಟು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯ ಒಬ್ಬಾಕೆ ರೊಟ್ಟಿಗೆ ಕೂತಿದ್ದರು. ವಯಸ್ಸು ನಲವತ್ತರ ಆಸುಪಾಸು. ಅವರ ಹೆಸರು ಬೇಡ. ಅವರು ರೊಟ್ಟಿಯನ್ನು ನಿಧಾನವಾಗಿ, ಅಂಗೈಯನ್ನೇ ಹಂಚಿಗೆ ತಾಗಿಸಿ ಹೊಳ್ಳಿಸುತ್ತಿದ್ದರು. ನೋಡುತ್ತಿದ್ದ ನನಗೇ ಚುರ್ ಎಂದಿತು. ಅವರ ನಾದಿನಿ ಹೆಮ್ಮೆಯಿಂದ, "ನಮ್ಮ ವೈನೀ ಕೈ ಅಂದ್ರ ಕಬ್ಬಿಣ ನೋಡ್ರಿ, ಬಿಸೀನ ಹತ್ತಂಗಿಲ್ಲ" ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಇವತ್ತು ಅದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ.

ನಗದಿದ್ದವಳು ಒಬ್ಬಳೇ, ಅಲ್ಲಿಗೆ ಬಂದಿದ್ದ ಆ ಊರಿನ ಆಶಾ ಕಾರ್ಯಕರ್ತೆ. ಅವಳು ಹತ್ತಿರ ಹೋಗಿ, "ಚಿಗವ್ವಾ, ಅಂಗೈ ತೋರಿಸು ನೋಡೋಣ" ಅಂದಳು. ಅಂಗೈಯ ಕಿರುಬೆರಳಿನ ಬದಿಗೆ ದೊಡ್ಡ ಬೊಬ್ಬೆ ಎದ್ದಿತ್ತು. ಯಾವಾಗ ಸುಟ್ಟಿತೆಂದು ಆಕೆಗೇ ತಿಳಿದಿರಲಿಲ್ಲ. ಮೊಣಕೈಯಿಂದ ಕೆಳಗೆ ಒಂದು ಮಾಸಲು ಮಚ್ಚೆ, ರಾಗಿ ಬಣ್ಣದ ಚರ್ಮದ ಮೇಲೆ ತುಸು ತಾಮ್ರದ ಛಾಯೆ. ಆಶಾ ಹುಡುಗಿ ತನ್ನ ಪೆನ್ನಿನ ಕೊನೆಯಿಂದ ಅಲ್ಲಿ ಮೆಲ್ಲಗೆ ಮುಟ್ಟಿ, "ಕಣ್ಣು ಮುಚ್ಚಿಕೊಂಡು ಹೇಳು, ಎಲ್ಲಿ ಮುಟ್ಟಿದೆ?" ಎಂದು ಕೇಳಿದಳು. ಆಕೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಹೇಳಲಿಲ್ಲ. ಮುಟ್ಟಿದ್ದೇ ತಿಳಿಯಲಿಲ್ಲ.

ಕುಷ್ಠರೋಗ ಎಂಬ ಮಾತನ್ನು ಆ ಹುಡುಗಿ ಬಾಯಿ ಬಿಟ್ಟು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಆಮೇಲೆ ಹಿತ್ತಲಿನಲ್ಲಿ ಆಕೆ ಅವಳ ಕೈ ಹಿಡಿದುಕೊಂಡು, "ನಿನ್ನ ಕಾಲಿಗೆ ಬೀಳ್ತೀನವ್ವ, ಹುಡುಗಿ ಮದುವಿ ಆಗೂತನಕ ಈ ಮಾತ ಎತ್ತಬ್ಯಾಡ. ಕಲಘಟಗಿ ಬೀಗರಿಗೆ ಗೊತ್ತಾದ್ರ ಮುಗೀತು" ಎಂದರಂತೆ.

ಆ ಮದುವೆಯ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಕಾಯಿಲೆಯ ಬಗ್ಗೆ ನಾಲ್ಕು ಮಾತು ಆಡೋಣ. ನಮ್ಮ ಮನೆಗಳಲ್ಲಿ ಇದರ ಬಗ್ಗೆ ಇರುವಷ್ಟು ಅಂಜಿಕೆ ಇನ್ನಾವ ಕಾಯಿಲೆಯ ಬಗ್ಗೆಯೂ ಇಲ್ಲ, ತಿಳಿವಳಿಕೆ ಮಾತ್ರ ಅತಿ ಕಡಿಮೆ.

ಶಾಪವೂ ಅಲ್ಲ, ರಕ್ತದ ದೋಷವೂ ಅಲ್ಲ

ಹಾವು ಕೊಂದ ದೋಷ, ಪೂರ್ವಜನ್ಮದ ಪಾಪ, ನಡತೆ ಕೆಟ್ಟದ್ದರ ಫಲ ಎಂದೆಲ್ಲ ನಮ್ಮ ಹಿರಿಯರು ಹೇಳುತ್ತಿದ್ದರು. ಸಿನಿಮಾದವರೂ ಇದನ್ನೇ ಹೇಳಿದರು. 1954ರ 'ರತ್ತ ಕಣ್ಣೀರ್' ಎಂಬ ತಮಿಳು ಚಿತ್ರದಲ್ಲಿ ಎಂ.ಆರ್. ರಾಧಾ ಅವರ ಪಾತ್ರ ಹೆಂಡತಿಯನ್ನು ತೊರೆದು ಮೆರೆದು, ಕೊನೆಗೆ ಕುಷ್ಠ ಹಿಡಿದು ಬೀದಿಗೆ ಬೀಳುತ್ತದೆ. ನೋಡಿದವರು ಚಪ್ಪಾಳೆ ತಟ್ಟಿದರು. ಆದರೆ ಯಾವ ಪಾಪವನ್ನೂ ಮಾಡದೆ, ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿ ಬಗ್ಗಿ ದುಡಿದ ಹೆಣ್ಣುಮಗಳಿಗೂ ಇದು ಬರುತ್ತದೆ. ಆಗ ಆ ಚಪ್ಪಾಳೆ ಅವಳ ಬೆನ್ನಿಗೆ ಪೆಟ್ಟಾಗಿ ಬೀಳುತ್ತದೆ.

ಇದಕ್ಕೆ ಕಾರಣ ಒಂದು ಸೂಕ್ಷ್ಮ ಜೀವಿ. ನಾರ್ವೆ ದೇಶದ ಬರ್ಗೆನ್ ಊರಿನ ವೈದ್ಯ ಹ್ಯಾನ್ಸನ್ 1873ರಲ್ಲಿ ಅದನ್ನು ಕಂಡುಹಿಡಿದ. ಹೀಗಾಗಿ ಇದನ್ನು ಹ್ಯಾನ್ಸನ್ ಕಾಯಿಲೆ ಎಂದೂ ಕರೆಯುತ್ತಾರೆ. (ಇದೇ ಹ್ಯಾನ್ಸನ್ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಆಕೆಯ ಒಪ್ಪಿಗೆ ಕೇಳದೆ, ಇನ್ನೊಬ್ಬರ ರೋಗದ ದ್ರವ್ಯವನ್ನು ಚುಚ್ಚಿ ಪ್ರಯೋಗ ಮಾಡಲು ಹೋದ. ಆಕೆ ಕೋರ್ಟಿನಲ್ಲಿ ನಿಂತು ಹೇಳಿದ್ದರಿಂದ 1880ರಲ್ಲಿ ಅವನ ಆಸ್ಪತ್ರೆಯ ಹುದ್ದೆ ಹೋಯಿತು. ಪುಸ್ತಕಗಳು ಅವನ ಹೆಸರನ್ನು ಹೇಳುತ್ತವೆ, ಆಕೆಯ ಧೈರ್ಯವನ್ನು ಹೇಳುವುದು ಕಡಿಮೆ.)

ಈ ಜೀವಿ ಬಹಳ ಸೋಮಾರಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರಾಗಿರುತ್ತದಲ್ಲವೇ? ಹೆಪ್ಪಿನ ಜೀವಿಗಳು ಅಷ್ಟು ಬೇಗ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಕುಷ್ಠದ ಜೀವಿ ಒಂದು ಎರಡಾಗಲು ಎರಡು ವಾರದ ಹತ್ತಿರ ಹಿಡಿಯುತ್ತದೆ. ಆದ್ದರಿಂದ ಸೋಂಕು ತಗುಲಿ ಸಾಮಾನ್ಯವಾಗಿ 5 ವರ್ಷ, ಒಮ್ಮೊಮ್ಮೆ 20 ವರ್ಷ ಕಳೆದ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. ಯಾರಿಂದ ಬಂತು, ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂರುವುದು, ಅದರಲ್ಲೂ ಸೊಸೆಯ ತವರಿನ ಕಡೆ ಬೆರಳು ತೋರಿಸುವುದು, ಇದರಿಂದಲೇ ಅರ್ಥವಿಲ್ಲದ ಕೆಲಸ.

ಇನ್ನು ಅಂಟುವ ಮಾತು. ಚಿಕಿತ್ಸೆ ಪಡೆಯದ ರೋಗಿಯ ಮೂಗು ಬಾಯಿಯಿಂದ ಸಿಡಿಯುವ ಹನಿಗಳ ಮೂಲಕ, ಬಹುಕಾಲ ಒಟ್ಟಿಗೇ ಇದ್ದವರಿಗೆ ಇದು ಹರಡಬಹುದು. ಕೈ ಕುಲುಕಿದರೆ, ಪಕ್ಕದಲ್ಲಿ ಕೂತರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಬಸ್ಸಿನಲ್ಲಿ ಹೋದರೆ ಬರುವುದಿಲ್ಲ. 100 ಜನರಲ್ಲಿ ಸುಮಾರು 95 ಮಂದಿಯ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಗುಳಿಗೆ ಶುರು ಮಾಡಿದ ಸ್ವಲ್ಪ ದಿನಗಳಲ್ಲೇ ರೋಗಿಯಿಂದ ಸೋಂಕು ಹರಡುವುದು ನಿಂತುಹೋಗುತ್ತದೆ. ತಾಯಿಯಿಂದ ಮಗುವಿಗೆ ವಂಶದ ಮೂಲಕ ಇಳಿದು ಬರುವ ರೋಗವಂತೂ ಅಲ್ಲವೇ ಅಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಹಾಲಿನಂತೆ ಬೆಳ್ಳಗಾಗುವ ತೊನ್ನನ್ನು ಕೆಲವರು "ಶ್ವೇತಕುಷ್ಠ" ಎಂದು ಕರೆದು ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿದ್ದಾರೋ ಆ ದೇವರಿಗೇ ಗೊತ್ತು. ತೊನ್ನಿನ ಜಾಗದಲ್ಲಿ ಮುಟ್ಟಿದರೆ ಚೆನ್ನಾಗಿ ತಿಳಿಯುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಬೇಸಿಗೆಯಲ್ಲಿ ಬೆನ್ನಿನ ಮೇಲೆ ಬರುವ ಚಿಬ್ಬು, ತುರಿಸುವ ಹುಳುಕಡ್ಡಿ, ಇವೂ ಬೇರೆಯೇ. ಕುಷ್ಠದ ಮಚ್ಚೆ ತುರಿಸುವುದಿಲ್ಲ, ನೋಯುವುದಿಲ್ಲ. ಬಣ್ಣ ಸ್ವಲ್ಪ ಮಾಸಿರುತ್ತದೆ ಅಥವಾ ಕೆಂಪಾಗಿರುತ್ತದೆ, ಹಾಲಿನ ಬಿಳುಪು ಇರುವುದಿಲ್ಲ. ಅಲ್ಲಿ ಬೆವರು ಬರುವುದು ಕಡಿಮೆ, ಕೂದಲು ಉದುರಿರಬಹುದು. ಮುಖ್ಯವಾಗಿ, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಕೆಲವರಿಗೆ ಮಚ್ಚೆಯೇ ಇರುವುದಿಲ್ಲ. ಮುಖದ ಚರ್ಮ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪವಾಗುತ್ತದೆ, ಹುಬ್ಬಿನ ಹೊರತುದಿಯ ಕೂದಲು ಉದುರುತ್ತದೆ. "ಮುಖಕ್ಕೆ ಒಳ್ಳೇ ಕಳೆ ಬಂದಿದೆ" ಎಂದು ನೋಡಿದವರು ಹೊಗಳುವುದೂ ಉಂಟಂತೆ!

ನೋವಿಲ್ಲದ್ದೇ ಕೇಡು

ಕುಷ್ಠರೋಗ ಬಂದರೆ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಹಾಗಲ್ಲ. ಈ ಜೀವಿಗೆ ಮೈಯ ತಂಪಾದ ಭಾಗಗಳು ಇಷ್ಟ, ಅಂದರೆ ಚರ್ಮ, ಮೂಗು, ಕಿವಿ, ಕೈ, ಕಾಲು. ಅಲ್ಲಿನ ನರಗಳೊಳಗೆ ಸೇರಿಕೊಂಡು ಅವನ್ನು ಹಾಳು ಮಾಡುತ್ತದೆ. ಮೊಣಕೈಯ ಒಳಬದಿಯ ನರ ಕೆಟ್ಟರೆ ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗುತ್ತವೆ. ಮೊಣಕಾಲಿನ ಹೊರಬದಿಯ ನರ ಕೆಟ್ಟರೆ ಪಾದ ಜೋತುಬಿದ್ದು, ನಡೆಯುವಾಗ ಚಪ್ಪಲಿ ಕಳಚಿ ಬೀಳುತ್ತದೆ. ಮುಖದ ನರ ಕೆಟ್ಟರೆ ರೆಪ್ಪೆ ಮುಚ್ಚುವುದಿಲ್ಲ, ಧೂಳು ಬಿದ್ದು ಕಣ್ಣಿಗೇ ಕುತ್ತು.

ನರ ಸತ್ತ ಕೈಗೆ ನೋವು ತಿಳಿಯುವುದಿಲ್ಲ. ನೋವು ತಿಳಿಯದ ಕೈ ಸುಡುತ್ತದೆ, ಕೊಯ್ದುಕೊಳ್ಳುತ್ತದೆ, ಗಾಯ ಕೀವಾಗುತ್ತದೆ, ಕೀವು ಎಲುಬಿಗೆ ಇಳಿಯುತ್ತದೆ. ಹೀಗೆ ವರ್ಷವರ್ಷವೂ ಸವೆದು ಬೆರಳು ಮೊಂಡಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಇದನ್ನು ಬೆನ್ನುಹತ್ತಿ ತಿಳಿದುಕೊಂಡವರು ಡಾ. ಪಾಲ್ ಬ್ರಾಂಡ್. ಅವರ ರೋಗಿಗಳಲ್ಲಿ ಕೆಲವರಿಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಬೆರಳಿನ ತುಣುಕೇ ಕಾಣೆಯಾಗುತ್ತಿತ್ತಂತೆ. ಕಾದು ನೋಡಿದರೆ ಇಲಿಗಳು! ನಿದ್ದೆಯಲ್ಲಿದ್ದವರಿಗೆ ಇಲಿ ಕಡಿದದ್ದೂ ಗೊತ್ತಾಗುತ್ತಿರಲಿಲ್ಲ. ಅಂದಿನಿಂದ ಮನೆಗೆ ಹೊರಟ ರೋಗಿಗಳಿಗೆ ಔಷಧದ ಜೊತೆಗೆ ಒಂದೊಂದು ಬೆಕ್ಕನ್ನೂ ಕೊಟ್ಟು ಕಳಿಸುತ್ತಿದ್ದರು. ಕೇಳಲು ನಗು ಬರುವ ಮಾತಾದರೂ ಇದಕ್ಕಿಂತ ಸರಿಯಾದ ಚಿಕಿತ್ಸೆ ಆಗ ಬೇರೆ ಏನಿತ್ತು ಹೇಳಿ?

ಅದೇ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕೇರಳದ ಈ ತರುಣಿ ವೈದ್ಯೆಗೆ 1954ರಲ್ಲಿ ವಾಹನ ಅಪಘಾತವಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ನಡೆಯಲಾರದ ಹೆಣ್ಣಿಗೆ ಶಸ್ತ್ರಚಿಕಿತ್ಸೆ ಎಲ್ಲಿಂದ ಬಂತು ಎಂದುಕೊಳ್ಳಬೇಡಿ. ಗಾಲಿಕುರ್ಚಿಯಲ್ಲಿ ಕುಳಿತೇ ಆಕೆ ಕುಷ್ಠರೋಗಿಗಳ ಬಾಗಿದ ಬೆರಳುಗಳನ್ನು ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ ಕಲಿತರು, ಮಾಡಿದರು. 1972ರಲ್ಲಿ ಪದ್ಮಶ್ರೀ ಬಂತು. ಕೈ ಬಾಗಿದವರು ಆಕೆಯ ಎದುರು ಕೂತಾಗ, ಡಾಕ್ಟರೂ ತಮ್ಮಂತೆಯೇ ಎಂದು ಅವರ ಸಂಕೋಚ ಅರ್ಧ ಇಳಿಯುತ್ತಿದ್ದಿರಬೇಕು ಎಂದು ನನ್ನ ಊಹೆ.

ಕಾಡಿನ ಕಾಯಿ, ದೂರದ ಹುಡುಗಿ

ನಮ್ಮ ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಗರುಡಫಲ ಎಂಬ ಮರ ಬೆಳೆಯುತ್ತದೆ. ಗುಂಡನೆಯ ಗಟ್ಟಿ ಕಾಯಿ, ಒಳಗೆ ಎಣ್ಣೆಯ ಬೀಜ. ಈ ಜಾತಿಯ ಮರಗಳ ಬೀಜದ ಎಣ್ಣೆಗೆ ಚಾಲಮೊಗ್ರ ಎಣ್ಣೆ ಎಂದು ಹೆಸರು. 1940ರ ದಶಕದವರೆಗೂ ಕುಷ್ಠಕ್ಕೆ ಇದ್ದ ಔಷಧವೆಂದರೆ ಇದೊಂದೇ ಎನ್ನಬಹುದು. ಕುಡಿದರೆ ವಾಂತಿ, ಚುಚ್ಚಿದರೆ ಚರ್ಮದಡಿ ಗಂಟು. ಅದನ್ನು ಚುಚ್ಚಲು ಬರುವಂತೆ ಹದ ಮಾಡಿದವಳು ಹವಾಯಿಯಲ್ಲಿ ಓದಿ ಅಲ್ಲೇ ಪಾಠ ಹೇಳುತ್ತಿದ್ದ ಆಲಿಸ್ ಬಾಲ್ ಎಂಬ ಕರಿಯ ಅಮೆರಿಕನ್ ಹುಡುಗಿ. 1915ರಲ್ಲಿ ಅವಳಿಗೆ 23 ವರ್ಷ. ಮರುವರ್ಷವೇ ತೀರಿಕೊಂಡಳು. ಅವಳ ಕೆಲಸವನ್ನು ಮುಂದುವರಿಸಿದ ಕಾಲೇಜಿನ ಹಿರಿಯರು ಅವಳ ಹೆಸರನ್ನು ಕೈಬಿಟ್ಟು ತಮ್ಮದೆಂದು ಹೇಳಿಕೊಂಡರು. 2000ದಲ್ಲಿ, ಅಂದರೆ ಹತ್ತಿರ ಹತ್ತಿರ 85 ವರ್ಷವಾದ ಮೇಲೆ, ಆ ವಿಶ್ವವಿದ್ಯಾಲಯ ಅವಳನ್ನು ಗೌರವಿಸಿತು. ಅಡುಗೆಮನೆಯಲ್ಲಿ ಹೆಂಗಸು ಹದ ಕಂಡುಹಿಡಿಯುವುದು, ಪಂಕ್ತಿಯಲ್ಲಿ ಗಂಡಸು ಹೊಗಳಿಸಿಕೊಳ್ಳುವುದು ಬರೀ ನಮ್ಮ ಮನೆಗಳ ಕಥೆಯಲ್ಲವೆಂದಾಯಿತು.

ಆಮೇಲೆ ಡ್ಯಾಪ್ಸೋನ್ ಗುಳಿಗೆ ಬಂತು. ವರ್ಷಗಟ್ಟಲೆ ನುಂಗಬೇಕಿತ್ತು, ಕೆಲವರಲ್ಲಿ ಅದಕ್ಕೆ ಜೀವಿ ಜಗ್ಗಲೂ ಇಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಹೇಳಿತು. ನಮ್ಮ ದೇಶದಲ್ಲಿ 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಶುರುವಾಗಿ, ಜಿಲ್ಲೆಯಿಂದ ಜಿಲ್ಲೆಗೆ ಈ ಗುಳಿಗೆ ತಲುಪಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂದು ಅವುಗಳ ಹೆಸರು. ಮಚ್ಚೆಗಳು 5 ಅಥವಾ ಅದಕ್ಕಿಂತ ಕಡಿಮೆ ಇದ್ದು, ರೋಗ ಹಗುರಾಗಿದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಕಾಸಿಲ್ಲದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಗುಳಿಗೆ ನುಂಗಿದ ದಿನ ಮೂತ್ರ ಕೆಂಪಾಗುವುದು, ಕೆಲವು ತಿಂಗಳು ಮೈಬಣ್ಣ ಕಂದಾಗುವುದು ಉಂಟು. ಇದರಿಂದ ಹೆದರಿ ಬಿಡುವವರು ಬಹಳ, ಅದರಲ್ಲೂ ಮದುವೆ ವಯಸ್ಸಿನ ಹುಡುಗಿಯರು. ಔಷಧ ಮುಗಿದ ಮೇಲೆ ಬಣ್ಣ ನಿಧಾನವಾಗಿ ಮರಳುತ್ತದೆ, ಬಿಡಬಾರದು.

2005ರ ಡಿಸೆಂಬರಿನಲ್ಲಿ, 10,000 ಜನರಲ್ಲಿ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟಕ್ಕೆ ದೇಶ ಇಳಿಯಿತೆಂದು ಸರ್ಕಾರ ಸಾರಿತು. ಅದು ದೊಡ್ಡ ಮಾತೇ. ಆದರೆ ಜನ "ಕುಷ್ಠ ಹೋಯಿತಂತೆ" ಎಂದುಕೊಂಡುಬಿಟ್ಟರು. ಹೋಗಿಲ್ಲ. ಪ್ರಪಂಚದಲ್ಲಿ ವರ್ಷ ವರ್ಷ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. 2022-23ರಲ್ಲೂ ಇಲ್ಲಿ ಒಂದು ಲಕ್ಷಕ್ಕೂ ಮೀರಿ ಹೊಸ ರೋಗಿಗಳು ಸಿಕ್ಕಿದ್ದರು.

ಕಾಳಿಯ ದಂಡೆಯಲ್ಲಿ

ಈಗ ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ಈ ನಾಲ್ಕು ಊರುಗಳ ಸೀಮೆಯನ್ನು ಕಣ್ಣಮುಂದೆ ತಂದುಕೊಳ್ಳಿ. ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದದ ಕಾರ್ಖಾನೆ, ದೇಶದ ಮೂಲೆಮೂಲೆಯಿಂದ ಬಂದು ನೆಲೆಸಿದ ಕೂಲಿಕಾರರು. ಹಳಿಯಾಳದಲ್ಲಿ ಕಬ್ಬು, ಭತ್ತ, ಗೋವಿನಜೋಳ. ಜೋಯಿಡಾ ಬಹುಪಾಲು ಕಾಡು. ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಅಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೇ ಅಡ್ಡ. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪು, ಸುತ್ತ ಲಂಬಾಣಿ ತಾಂಡಾ, ಸಿದ್ದಿಯರ ಕೇರಿ, ಗೌಳಿ ದಡ್ಡಿ.

ಇಂಥ ಕಡೆ ಆಶಾ ಹುಡುಗಿಯ ಕೆಲಸವೆಂದರೆ ಸುಮ್ಮನೆಯೇ? "ಮುಟ್ಟಿದರೆ ತಿಳಿಯುತ್ತದೆಯೇ" ಎಂಬ ಒಂದು ಪ್ರಶ್ನೆಯನ್ನು ಅವಳು ನಾಲ್ಕು ಭಾಷೆಯಲ್ಲಿ ಕೇಳಬೇಕು. ಹಳಿಯಾಳದ ಹೆಂಗಸು "ಜುಂ ಅಂತೈತಿ" ಎನ್ನುತ್ತಾಳೆ. ದಾಂಡೇಲಿಯ ಉರ್ದು ಮಾತಿನ ಮನೆಯಲ್ಲಿ "ಸುನ್ನ್". ಗೌಳಿಗಳದ್ದು ಮರಾಠಿ, ಕುಣಬಿಯರದ್ದು ಕೊಂಕಣಿ. ಅದೂ ಅಲ್ಲದೆ ನಮ್ಮ ಹೆಂಗಸರು ಜೋಮನ್ನು ಕಾಯಿಲೆಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗದ್ದೆ ನಾಟಿಯಲ್ಲಿ ನಿಂತು ಕಾಲು ಮರಗಟ್ಟಿತು, ಸೌದೆ ಹೊತ್ತು ಕೈ ಮರಗಟ್ಟಿತು, ಅಷ್ಟೇ. ಬೆನ್ನು, ತೊಡೆ, ಸೊಂಟದ ಮೇಲಿನ ಮಚ್ಚೆಯನ್ನು ಗಂಡಸು ಡಾಕ್ಟರಿಗೆ ತೋರಿಸುವುದುಂಟೇ? ಗಂಡಸರು ಹೊಳೆಯಲ್ಲಿ ಮೀಯುವಾಗ ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣುತ್ತದೆ. ಹೆಂಗಸಿನ ಬೆನ್ನನ್ನು ಯಾರು ನೋಡಬೇಕು? ಆದ್ದರಿಂದ ನಾನು ಹೇಳುವುದಿಷ್ಟೇ, ಎಣ್ಣೆ ಸ್ನಾನದ ದಿನ ಅಕ್ಕತಂಗಿಯರು, ಅತ್ತೆಸೊಸೆಯರು ಒಬ್ಬರ ಬೆನ್ನನ್ನು ಒಬ್ಬರು ನೋಡಿ. ಅನುಮಾನ ಬಂದ ಜಾಗದಲ್ಲಿ ಹತ್ತಿಯ ಎಳೆಯಿಂದ ಮುಟ್ಟಿ, ಕಣ್ಣು ಮುಚ್ಚಿಸಿ ಕೇಳಿ. ಅಷ್ಟಕ್ಕೆ ಡಾಕ್ಟರು ಬೇಕಿಲ್ಲ.

ಬಸುರಿ ಬಾಣಂತಿಯರ ವಿಷಯ ಸ್ವಲ್ಪ ಬೇರೆ. ಚಿಕಿತ್ಸೆಯಲ್ಲಿರುವಾಗ ಬಸಿರಾದರೆ ಗುಳಿಗೆ ಬಿಡಬೇಕಾಗಿಲ್ಲ, ಮೊಲೆಯೂಡಿಸುವುದನ್ನೂ ಬಿಡಬೇಕಾಗಿಲ್ಲ. ಆದರೆ ಬಸಿರಿನಲ್ಲಿ, ವಿಶೇಷವಾಗಿ ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ, ರೋಗ ಇದ್ದಕ್ಕಿದ್ದಂತೆ ಕೆರಳಿ ಮಚ್ಚೆ ಊದಿಕೊಂಡು ನರ ನೋಯಬಹುದು. ಬಾಣಂತಿ ಸನ್ನಿ ಎಂದೋ ಶೀತ ಎಂದೋ ಕಷಾಯ ಕುಡಿಸಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನರ ಕೆಟ್ಟು ಆರು ತಿಂಗಳೊಳಗಾಗಿದ್ದರೆ ಬೇರೆ ಔಷಧದಿಂದ ಅದನ್ನು ಉಳಿಸಿಕೊಳ್ಳುವ ಆಸೆಯುಂಟು. ಮತ್ತೆ, ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವ ರೂಢಿಯುಳ್ಳ ಮನೆಯವರು ಆಕೆಯ ಪಾದಕ್ಕೆ ಬಿಸಿ ತಿಳಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಕಾನೂನು ಹೇಳುವುದೇನು

1898ರಲ್ಲಿ ಬ್ರಿಟಿಷರು ಮಾಡಿದ ಒಂದು ಕಾಯಿದೆಯಿತ್ತು. ಗತಿಯಿಲ್ಲದ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅದರಲ್ಲಿ ಅವಕಾಶ. ಅದು ಪುಸ್ತಕದಿಂದ ಪೂರ್ತಿ ಹೋದದ್ದು 2016ರಲ್ಲಿ. ಸೇವಾಗ್ರಾಮದಲ್ಲಿ ಗಾಂಧೀಜಿ, ಪರಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ಪಂಡಿತರಿಗೆ ಆಶ್ರಯ ಕೊಟ್ಟು, ಅವರ ರೋಗಿಷ್ಟ ಮೈಯನ್ನು ತಮ್ಮ ಕೈಯಿಂದಲೇ ನೀವುತ್ತಿದ್ದ ಕಾಲದಲ್ಲೂ ಈ ಕಾಯಿದೆ ಇದ್ದೇ ಇತ್ತು. ಈಗ ಜನವರಿ 30ರಂದು, ಗಾಂಧೀಜಿ ತೀರಿದ ದಿನ, ದೇಶದಲ್ಲೆಲ್ಲ ಕುಷ್ಠರೋಗದ ತಿಳಿವಳಿಕೆ ಕೊಡುವ ಸಭೆಗಳಾಗುತ್ತವೆ.

ನಮಗೆ ಹೆಚ್ಚು ಸಂಬಂಧಿಸಿದ್ದು ಇನ್ನೊಂದು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ, ಗುಣವಾಗದ ಉಗ್ರ ಕುಷ್ಠ ಎಂಬುದು ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಮುಸ್ಲಿಂ, ಕ್ರೈಸ್ತ ವಿವಾಹಗಳ ಕಾಯಿದೆಗಳಲ್ಲೂ ಇಂಥದ್ದೇ ಮಾತಿತ್ತು. ಗುಳಿಗೆಯಿಂದ ಗುಣವಾಗುವ ರೋಗವೆಂದು ತಿಳಿದು ಮೂವತ್ತೈದು ವರ್ಷ ಕಳೆದರೂ ಪುಸ್ತಕದಲ್ಲಿ "ಗುಣವಾಗದ" ಎಂದೇ ಇತ್ತು ನೋಡಿ! 2019ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಐದು ಕಾಯಿದೆಗಳಿಂದ ಒಟ್ಟಿಗೆ ಇದನ್ನು ತೆಗೆದುಹಾಕಿತು. ಈಗ ಕುಷ್ಠ ಬಂತೆಂಬ ಕಾರಣಕ್ಕೆ ಹೆಂಡತಿಗೆ ಸೋಡಚೀಟಿ ಕೊಡಲು ಬರುವುದಿಲ್ಲ. ಗಂಡನಿಗೆ ಬಂದರೂ ಅಷ್ಟೇ. ಆದರೆ ನನ್ನ ಅನುಭವದಲ್ಲಿ, ಗಂಡನಿಗೆ ಬಂದಾಗ ಹೆಂಡತಿ ಅಂಬಲಿ ಕಾಯಿಸಿಕೊಂಡು ಜೊತೆಗಿರುತ್ತಾಳೆ. ಹೆಂಡತಿಗೆ ಬಂದಾಗ ತವರಿನ ಬಸ್ಸು ಹತ್ತಿಸುತ್ತಾರೆ. ಕೋರ್ಟಿನ ಮೆಟ್ಟಿಲವರೆಗೂ ಯಾರೂ ಹೋಗುವುದೇ ಇಲ್ಲ.

ಆ ಮದುವೆಯ ಕಥೆ

ಆಶಾ ಹುಡುಗಿ ಮಾತು ಕೊಟ್ಟಳು, ಮಾತು ಉಳಿಸಿಕೊಂಡಳು. ಯಾರಿಗೂ ಹೇಳಲಿಲ್ಲ. ಆದರೆ ತಿಂಗಳು ತಪ್ಪದೆ ಆ ಮನೆಗೆ ಹೋಗಿ "ಚಿಗವ್ವಾ, ಬಾ" ಎಂದು ಕರೆಯುತ್ತಿದ್ದಳು. ಆಕೆ "ಮುಂದಿನ ತಿಂಗಳು" ಎನ್ನುತ್ತಿದ್ದರು. ಸುಗ್ಗಿ, ಬೀಗರ ಮನೆಯಲ್ಲಿ ಸಾವು, ಮುಹೂರ್ತ ಕೂಡಿಬರಲಿಲ್ಲ ಎಂದು ಮದುವೆ ಮುಂದೆ ಮುಂದೆ ಹೋಯಿತು. ಹದಿನೇಳು ತಿಂಗಳು. ಅಷ್ಟರಲ್ಲಿ ಬಲಗೈಯ ಎರಡು ಬೆರಳು ಬಾಗಿದವು. ಮದುವೆಯ ಫೋಟೋದಲ್ಲಿ ಆಕೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಾರೆ. ನಾನು ಆ ಫೋಟೋ ನೋಡಿದ್ದೇನೆ. ನೋಡಿದವರಿಗೆ ನಾಚಿಕೆಯ ಹೆಂಗಸು ಅನಿಸುತ್ತದೆ.

ಆಕೆಯನ್ನು ನಾನು ದೂರಲಾರೆ. ಮಗಳ ಬದುಕು ಒಂದು ತಕ್ಕಡಿಯಲ್ಲಿ, ತನ್ನ ಎರಡು ಬೆರಳು ಇನ್ನೊಂದರಲ್ಲಿ ಎಂದು ಆಕೆ ತೂಗಿದರು. ಆ ತಕ್ಕಡಿಯನ್ನು ಆಕೆಯ ಕೈಗೆ ಕೊಟ್ಟವರು ನಾವೆಲ್ಲ.

ಮದುವೆಯಾದ ಹದಿನೈದೇ ದಿನಕ್ಕೆ ಆಕೆ ಒಬ್ಬರೇ ಹುಬ್ಬಳ್ಳಿಯ ಬಸ್ಸು ಹತ್ತಿದರು. ಹಳಿಯಾಳದ ದವಾಖಾನೆಯಲ್ಲಿ ಗುರುತಿನವರು ಸಿಗುತ್ತಾರಲ್ಲ. ಹುಬ್ಬಳ್ಳಿಯಲ್ಲಿ ನೋಡಿದವರು ಚೀಟಿ ಬರೆದು, ಗುಳಿಗೆ ನಿಮ್ಮ ಊರಿನ ಹತ್ತಿರವೇ ಸಿಗುತ್ತದೆಂದು ವಾಪಸು ಕಳಿಸಿದರು. ಕೊನೆಗೆ ಗುಳಿಗೆ ತಂದುಕೊಟ್ಟವಳು ಅದೇ ಆಶಾ ಹುಡುಗಿ. ಹನ್ನೆರಡು ತಿಂಗಳು ಬಿಡದೆ ನುಂಗಿದರು. ರೋಗ ಗುಣವಾಯಿತು. ಬೆರಳು ಮಾತ್ರ ಬಾಗಿದ್ದು ಬಾಗಿಯೇ ಉಳಿಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು, ಅದಕ್ಕೂ ಸರ್ಕಾರದ ನೆರವುಂಟು ಎಂದು ಡಾಕ್ಟರು ಹೇಳಿದ್ದಾರೆ. "ನೋಡೂಣು" ಎನ್ನುತ್ತಾರೆ.

ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಯಾರಿಗೂ ಇರಲಿಲ್ಲ. ರೋಗಿಯ ಜೊತೆ ಬಾಳಿದವರಿಗೆ ಮುಂಜಾಗ್ರತೆಯಾಗಿ ಒಂದೇ ಬಾರಿ ಕೊಡುವ ರಿಫಾಂಪಿಸಿನ್ ಗುಳಿಗೆಯುಂಟು. ನಮ್ಮ ದೇಶದಲ್ಲಿ 2018ರಿಂದ ಕೊಡುತ್ತಿದ್ದಾರೆ. ಅದನ್ನು ಮಗಳಿಗೂ ಕೊಡಬೇಕೆಂದಾಗ ಮಾತು ಬೀಗರ ಮನೆಗೆ ಹೋಗಲೇಬೇಕಾಯಿತು. ಮಗಳು ಗಂಡನಿಗೆ ಹೇಳಿದಳು. ಆ ಹುಡುಗ ಒಂದು ದಿನ ಸುಮ್ಮನಿದ್ದನಂತೆ. ಮರುದಿನ ಬೈಕಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಬಂದ. ಬೀಗತಿ ಮಾತ್ರ ಒಂದು ವರ್ಷ ಆ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮೊಮ್ಮಗನ ತೊಟ್ಟಿಲಿಗೆ ಬಂದಾಗ ಚಹಾ ಕುಡಿದರಂತೆ. ಊಟ ಇನ್ನೂ ಮಾಡಿಲ್ಲ.

ಅಡುಗೆಮನೆಯಲ್ಲಿ

ಹೋದ ಸಲ ಹೋದಾಗ ಆಕೆಯ ಅಡುಗೆಮನೆ ನೋಡಿ ಬಂದೆ. ಇಂಥ ತೊಂದರೆ ಇರುವವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಉಪಯೋಗವಾಗಲೆಂದು ಬರೆಯುತ್ತೇನೆ. ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಪಾತ್ರೆಗಳ ಹಿಡಿಗೆಲ್ಲ ಹಳೆಯ ಸೀರೆಯ ದಪ್ಪ ಸುತ್ತು. ಸೌಟು, ಸಟ್ಟುಗ ಮರದ ಹಿಡಿಯವು. ಕಾದ ನೀರನ್ನು ಬೆರಳದ್ದಿ ನೋಡುವುದಿಲ್ಲ, ಮೊಣಕೈಯಿಂದ, ಸ್ಪರ್ಶ ಇರುವ ಎಡಗೈಯದರಿಂದ, ನೋಡುತ್ತಾರೆ. ಈಳಿಗೆಯಲ್ಲಿ ಹೆಚ್ಚುವುದನ್ನು ಸೊಸೆಗೆ ಬಿಟ್ಟಿದ್ದಾರೆ. ರಾತ್ರಿ ಊಟವಾದ ಮೇಲೆ ಕೈ ಕಾಲುಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ, ಗಡಸಾದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒದ್ದೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರುತ್ತಾರೆ. ಬೆವರು ಬರದ ಚರ್ಮ ಒಣಗಿ ಬಿರಿಯುತ್ತದೆ, ಬಿರುಕಿನಿಂದಲೇ ಗಾಯ ಶುರು. ಆಮೇಲೆ ದೀಪದ ಬೆಳಕಿನಲ್ಲಿ ಅಂಗಾಲು ಅಂಗೈ ನೋಡಿಕೊಳ್ಳುತ್ತಾರೆ, ಮುಳ್ಳು ಚುಚ್ಚಿದೆಯೇ, ಕೆಂಪಾಗಿದೆಯೇ, ಬೊಬ್ಬೆ ಇದೆಯೇ ಎಂದು. ತನಗೆ ಕಾಣದ ಕಡೆ ಮೊಮ್ಮಗಳು ನೋಡಿ ಹೇಳುತ್ತಾಳೆ. ಹೊರಗೆ ಹೊರಟರೆ ಮೆತ್ತನೆಯ ರಬ್ಬರಿನ ವಿಶೇಷ ಚಪ್ಪಲಿ, ಇದೂ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ಬಾಗಿದ ಬೆರಳುಗಳನ್ನು ಇನ್ನೊಂದು ಕೈಯಿಂದ ದಿನಕ್ಕೆ ಹಲವು ಸಲ ನೇರ ಮಾಡಿ ನೀವುತ್ತಾರೆ, ಕೀಲು ಬಿಗಿಯದಿರಲೆಂದು.

ರೊಟ್ಟಿಯನ್ನು ಈಗಲೂ ಆಕೆಯೇ ಮಾಡುತ್ತಾರೆ. ತಟ್ಟಲು ಎರಡು ಬೆರಳು ಅಡ್ಡ ಬರುತ್ತವೆಂದು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಹಂಚಿನ ಪಕ್ಕದಲ್ಲಿ ಉದ್ದನೆಯ ಇಕ್ಕಳ. ನಾನು ಏನೋ ಗೀಚಿಕೊಳ್ಳುತ್ತಿರುವುದನ್ನು ನೋಡಿ, "ಪುಸ್ತಕದಾಗ ಹಾಕ್ತೀರೇನ್ರಿ ಅಕ್ಕಾರ?" ಎಂದರು. ಹೌದು, ಹೆಸರು ಹಾಕುವುದಿಲ್ಲ ಎಂದೆ.

"ಹೆಸರು ಬ್ಯಾಡ್ರಿ. ಆದ್ರ ಇಷ್ಟ್ ಬರೀರಿ, ರೊಟ್ಟಿ ಬಿಸಿ ಹತ್ತಲಿಲ್ಲ ಅಂದ್ರ ಅದು ಚಲೋ ಅಲ್ಲ ಅಂತ. ಅವತ್ತ ನೀವೂ ನಕ್ಕಿದ್ರಿ" ಎಂದು, ಇಕ್ಕಳದಿಂದ ಒಂದು ಬಿಸಿ ರೊಟ್ಟಿ ಎತ್ತಿ ನನ್ನ ತಾಟಿಗೆ ಹಾಕಿದರು.